ರೆಬೆಲ್ ಕ್ರಾಫಿಶ್: ಸ್ಮಾಲ್‌ಮೌತ್‌ಗೂ ಸೈ, ಟ್ರೌಟ್‌ಗೂ ಸೈ, ಕೊಕ್ಕೆ ಬದಲಿಸಿದರೆ

ಅಮೆರಿಕದ ದಕ್ಷಿಣ ಮಿಸೌರಿಯ ಓಝಾರ್ಕ್ ಗುಡ್ಡಗಳ ನಡುವೆ ಹರಿಯುವ ನಾರ್ತ್ ಫೋರ್ಕ್ ಹೊಳೆಗೆ ಸ್ಮಾಲ್‌ಮೌತ್ ಬಾಸ್ ಹಿಡಿಯಲು ಹೊರಟವರ ಡಬ್ಬಿಯಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಗಾಳಗಳದ್ದೇ ಕಾರುಬಾರು: ಟ್ಯೂಬ್, ಗ್ರಬ್, ನೆಡ್ ರಿಗ್. ಬಾಸ್ ಮಟ್ಟಿಗೆ ಅದರಲ್ಲಿ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ರೈನ್‌ಬೋ ಸ್ಪ್ರಿಂಗ್‌ನ ತಣ್ಣೀರು ಹೊಳೆಗೆ ಬೀಳುವ ಜಾಗದಿಂದ. ಅಲ್ಲಿಂದ ಪ್ಯಾಟ್ರಿಕ್ ಸೇತುವೆಯವರೆಗೆ ಬ್ಲೂ ರಿಬ್ಬನ್ ಎಂಬ ಬಿಗಿ ನಿಯಮದ ಟ್ರೌಟ್ ವಲಯ. ಫ್ಲೈ (ಗರಿ, ನೂಲು ಸುತ್ತಿದ ಹುಳುವಿನಂಥ ಕೊಕ್ಕೆ) ಮತ್ತು ಕೃತಕ ಲ್ಯೂರ್ (ಎರೆಯ ರೂಪದ ಗಾಳ) ಮಾತ್ರ ಬಳಸಬಹುದು. ಮೆತ್ತನೆ ಪ್ಲಾಸ್ಟಿಕ್, ವಾಸನೆ ಹಚ್ಚಿದ್ದು, ಜೀವಂತ ಎರೆ ಯಾವುದೂ ನಡೆಯುವುದಿಲ್ಲ. ದಿನಕ್ಕೆ ಒಂದೇ ಟ್ರೌಟ್ ಇಟ್ಟುಕೊಳ್ಳಬಹುದು, ಅದೂ 18 ಇಂಚು ಮುಟ್ಟಿರಬೇಕು. ಸೇತುವೆ ದಾಟಿದ ಮೇಲೆ ಬರುವ ರೆಡ್ ರಿಬ್ಬನ್ ವಲಯದಲ್ಲಿ ಎರಡು ಮೀನು, 15 ಇಂಚು. ಗಾಳದ ನಿಯಮ ಮಾತ್ರ ಅದೇ. ಈ ನೀರಿನಲ್ಲೂ ಸ್ಮಾಲ್‌ಮೌತ್ ಇದೆ, ಕ್ರೇಫಿಶ್ ಎಂಬ ಸೀಗಡಿಯಂಥ ಹೊಳೆಜೀವಿಯನ್ನು ತಿಂದೇ ಬೆಳೆಯುತ್ತದೆ. ಹಾಗಾಗಿ ಸ್ಪಿನ್ನಿಂಗ್ ರಾಡ್ ಹಿಡಿದವರಿಗೆ ಮೇಲಿಂದ ಕೆಳಗಿನವರೆಗೂ ಬಿಚ್ಚದೆ ಬಳಸಬಹುದಾದ, ಕ್ರೇಫಿಶ್ ರೂಪದ ಗಟ್ಟಿ ಲ್ಯೂರ್ ಬೇಕಾಗುತ್ತದೆ. ಪಕ್ಕದ ಅರ್ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಮಿತ್‌ನಲ್ಲಿ ನೆಲೆಯಿರುವ ಪ್ರಾಡ್ಕೋ ಕಂಪನಿಯ ರೆಬೆಲ್ ಕ್ರಾಫಿಶ್ ಆ ಜಾಗ ತುಂಬುತ್ತದೆ. ಬೆಲೆ ಹತ್ತು ಡಾಲರ್‌ಗೂ ಕಡಿಮೆ.

ಇದರ ಜಾಣತನ ಇರುವುದು ದಿಕ್ಕಿನಲ್ಲಿ. ಹೆದರಿದ ಕ್ರೇಫಿಶ್ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೆ ತಕ್ಕಂತೆ ನೀರು ಸೀಳುವ ಪ್ಲಾಸ್ಟಿಕ್ ನಾಲಿಗೆಯನ್ನೂ ದಾರ ಕಟ್ಟುವ ಕಣ್ಣನ್ನೂ ಬಾಲದ ತುದಿಗೆ ಕೊಟ್ಟಿದ್ದಾರೆ. ಎಳೆದಾಗ ಬಾಲ ಮುಂದೆ, ಚಿಮುಟದಂಥ ಮುಂಗಾಲು ಹಿಂದೆ. ಬೆನ್ನಿನ ಗೆರೆ, ಮಡಚಿದ ಕಾಲು, ಕಣ್ಣು ಎಲ್ಲವನ್ನೂ ಅಚ್ಚಿನಲ್ಲೇ ಕೆತ್ತಲಾಗಿದೆ. ಮೀನು ಅಷ್ಟು ಸೂಕ್ಷ್ಮವಾಗಿ ನೋಡುತ್ತದೆಯೋ ಇಲ್ಲವೋ, ಕೊಳ್ಳುವವರಂತೂ ನೋಡುತ್ತಾರೆ. ಮೀನಿಗೆ ಮುಖ್ಯವಾದದ್ದು ಬೇರೆ ಎರಡು ಗುಣ: ಬಿಗಿಯಾದ ನಡುಕ, ಮತ್ತು ಎಳೆಯುವುದು ನಿಲ್ಲಿಸಿದ ತಕ್ಷಣ ಮೆಲ್ಲಗೆ ಮೇಲೇಳುವ ತೇಲುವಿಕೆ.

ಹೊಳೆಗೆ ಬೇಕಾದ ಅಳತೆ ಎರಡೇ. ವೀ ಕ್ರಾಫಿಶ್ 2 ಇಂಚು, 1/5 ಔನ್ಸ್. ಎದೆಮಟ್ಟದ ಮಡುಗಳಿಗೆ, ಬಂಡೆಗೋಡೆಯ ಬುಡಕ್ಕೆ, ಮುರಿದುಬಿದ್ದ ಮರದ ಬೇರಿನ ಪಕ್ಕಕ್ಕೆ. ಟೀನಿ ವೀ ಕ್ರಾಫಿಶ್ ಒಂದೂವರೆ ಇಂಚು, 1/10 ಔನ್ಸ್. ಮೊಣಕಾಲು ಮುಳುಗುವಷ್ಟು ನೀರಿಗೆ, ಕಲ್ಲುಗಳ ಮೇಲೆ ಜುಳುಜುಳು ಹರಿಯುವ ರಿಫಲ್‌ಗೆ, ಟ್ರೌಟ್‌ಗೆ. ಚಿಕ್ಕದರಲ್ಲಿ ಒಂದು ಕಿರಿಕಿರಿ ಇದೆ. ಗಾಗಲ್‌ಐ ಎಂದು ಅಲ್ಲಿನವರು ಕರೆಯುವ ರಾಕ್ ಬಾಸ್, ಅಂಗೈಯಗಲದ ಸನ್‌ಫಿಶ್ ಎಲ್ಲವೂ ಮುಗಿಬೀಳುತ್ತವೆ. ಮಕ್ಕಳನ್ನು ಕರೆದೊಯ್ದರೆ ಅದೇ ಹಬ್ಬ. 16 ಇಂಚಿನ ಸ್ಮಾಲ್‌ಮೌತ್‌ಗಾಗಿ ಕಾಯುವವರಿಗೆ ಕಾಟ. ದೊಡ್ಡ ಅಳತೆಗೆ ಬದಲಾಯಿಸಿದರೆ ಕಾಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಬಣ್ಣದ ಪಟ್ಟಿ ಉದ್ದವಿದೆ, ಅದರಲ್ಲಿ ಬಹುಪಾಲು ಅಂಗಡಿಯ ಗೋಡೆಗೆ ಚೆಂದ. ಓಝಾರ್ಕ್ ಹೊಳೆಯ ತಳ ಕಂದು, ಬೂದು, ಪಾಚಿ ಹಸಿರು. ಕ್ರೇಫಿಶ್ ಕೂಡ ಹಾಗೇ. ತಿಳಿನೀರಿಗೆ ಸ್ಟ್ರೀಮ್ ಕ್ರಾಫಿಶ್, ಮಳೆಯ ಮರುದಿನದ ತುಸು ಕದಡಿದ ನೀರಿಗೆ ಡಿಚ್ ಬ್ರೌನ್, ಪಾಚಿ ಹಿಡಿದ ಬಂಡೆಗಳಿರುವಲ್ಲಿ ಮಾಸ್. ಇವು ಮೂರು ಸಾಕು.

ಇನ್ನು ಕೊಕ್ಕೆಯ ವಿಷಯ. ಕಾರ್ಖಾನೆಯಿಂದ ಬರುವುದು ಎರಡು ಟ್ರೆಬಲ್ ಹುಕ್, ಅಂದರೆ ಮೂರು ಮೊನೆಯ ಕೊಕ್ಕೆ, ಒಟ್ಟು ಆರು ಮೊನೆ. ಆರು ಮೊನೆ ಒಳ್ಳೆಯದಲ್ಲವೇ ಎನ್ನಿಸಬಹುದು, ಹೊಳೆಯಲ್ಲಿ ಅದು ತಿರುಗುಬಾಣ. ಹೊಟ್ಟೆಯ ಕೊಕ್ಕೆ ಪಾಚಿ ಬಾಚುತ್ತದೆ, ಎಲೆ ಹಿಡಿಯುತ್ತದೆ. ಮೀನು ಸಿಕ್ಕರೆ ಒಂದು ಕೊಕ್ಕೆ ಬಾಯಲ್ಲಿ, ಇನ್ನೊಂದು ಕಿವಿರಿನ ಪಕ್ಕದಲ್ಲಿ. ಬಾಸ್ ಇದನ್ನು ತಡೆದುಕೊಳ್ಳುತ್ತದೆ, ಟ್ರೌಟ್ ತಡೆಯುವುದಿಲ್ಲ. ಬಿಡಲೇಬೇಕಾದ ಮೀನು ರಕ್ತ ಸುರಿಸಿಕೊಂಡು ಹೋದರೆ 18 ಇಂಚಿನ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ರಿಂಗ್ ಬಿಡಿಸುವ ಚಿಕ್ಕ ಇಕ್ಕಳದಿಂದ ಟ್ರೆಬಲ್ ಕಳಚಿ, ದೊಡ್ಡ ಕಣ್ಣಿನ ಇನ್‌ಲೈನ್ (ಲ್ಯೂರ್‌ಗೆ ನೇರವಾಗಿ ನಿಲ್ಲುವ) ಒಂಟಿ ಕೊಕ್ಕೆ ಹಾಕಿ. ವೀ ಅಳತೆಗೆ 6ನೇ ನಂಬರ್, ಟೀನಿಗೆ 8 ಅಥವಾ 10. ಹಿಂದಿನ ಕೊಕ್ಕೆಯ ಮೊನೆ ಮೇಲ್ಮುಖವಾಗಿರಲಿ, ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ದಪ್ಪ ತಂತಿಯ ಕೊಕ್ಕೆ ಹಾಕಿದರೆ ತೂಕ ಹೆಚ್ಚಿ ಲ್ಯೂರ್ ಮೇಲೇಳುವುದೇ ಇಲ್ಲ. ಬದಲಾಯಿಸಿದ ಮೇಲೆ ದಡದ ನಿಂತ ನೀರಿನಲ್ಲಿ ತೇಲುತ್ತದೆಯೇ ಎಂದು ಒಮ್ಮೆ ಬಿಟ್ಟು ನೋಡಿ. ಅರ್ಕಾನ್ಸಾಸ್ ಕಡೆಯ ವೈಟ್ ನದಿಯ ಕ್ಯಾಚ್ ಅಂಡ್ ರಿಲೀಸ್ (ಹಿಡಿದು ಬಿಡುವ) ವಲಯಗಳಲ್ಲಿ ಒಂಟಿ, ಮುಳ್ಳಿಲ್ಲದ ಕೊಕ್ಕೆ ಕಡ್ಡಾಯವೇ ಆಗಿರುವುದರಿಂದ, ಅಲ್ಲಿ ಒಂದೇ ಕೊಕ್ಕೆ ಉಳಿಸಿಕೊಳ್ಳಬೇಕು, ಹಿಂದಿನದ್ದು.

ಪೊಟ್ಟಣದಿಂದ ತೆಗೆದ ಪ್ರತಿಯೊಂದೂ ನೇರ ಓಡುತ್ತದೆಂದು ನಂಬಬೇಡಿ. ಅಗ್ಗದ ಪ್ಲಾಸ್ಟಿಕ್ ಲ್ಯೂರ್‌ಗಳಲ್ಲಿ ಇದು ಮಾಮೂಲು. ಎದುರಿಗೆ ಹತ್ತು ಅಡಿ ದಾರ ಬಿಟ್ಟು ಜೋರಾಗಿ ಎಳೆಯಿರಿ. ಎಡಕ್ಕೆ ವಾಲಿದರೆ ದಾರದ ಕಣ್ಣನ್ನು ಚೂಪು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ, ಬಲಕ್ಕೆ ವಾಲಿದರೆ ಎಡಕ್ಕೆ. ತಿರುಚಬಾರದು; ತಿರುಚಿದರೆ ಕಣ್ಣು ಸಡಿಲವಾಗಿ ನೀರು ಒಳಗೆ ಸೇರುತ್ತದೆ. ಬಂಡೆಗೆ ಬಲವಾಗಿ ಹೊಡೆದ ಮೇಲೆ ಮತ್ತೆ ಪರೀಕ್ಷಿಸುವುದು ಒಳ್ಳೆಯದು. ದಾರವನ್ನು ಕಣ್ಣಿಗೆ ಬಿಗಿಯಾಗಿ ಗಂಟು ಹಾಕಿದರೆ ನಡುಕ ಅರ್ಧ ಸಾಯುತ್ತದೆ. ಕುಣಿಕೆ ಗಂಟು ಹಾಕಿ, ಇಲ್ಲವೇ ದುಂಡು ಮೂತಿಯ ಚಿಕ್ಕ ಸ್ನ್ಯಾಪ್ (ತಂತಿಯ ಕೊಂಡಿ) ಬಳಸಿ.

ಟೀನಿಯನ್ನು ಮಧ್ಯಮ ಬಿರುಸಿನ ಬಾಸ್ ರಾಡ್‌ನಲ್ಲಿ ಎಸೆಯಲು ಹೋದರೆ ಮೂಗಿನ ಮುಂದೆಯೇ ಬೀಳುತ್ತದೆ. ಆರು ಅಡಿಯ ಅಲ್ಟ್ರಾಲೈಟ್ ರಾಡ್, 4 ಪೌಂಡ್ ಭಾರ ತಡೆಯುವ ಮೊನೊಫಿಲಮೆಂಟ್ ದಾರ ಅದಕ್ಕೆ ಸರಿ. ವೀ ಅಳತೆಗೆ ಆರೂವರೆ ಅಡಿಯ ಲೈಟ್ ರಾಡ್, 6 ಪೌಂಡ್ ಫ್ಲೋರೊಕಾರ್ಬನ್. ಅಥವಾ 10 ಪೌಂಡ್ ಬ್ರೇಡ್‌ಗೆ (ಹೆಣೆದ ದಾರ) ತುದಿಯಲ್ಲಿ ಆರಡಿ ಫ್ಲೋರೊಕಾರ್ಬನ್ ಲೀಡರ್. ದಾರ ತೆಳುವಾದಷ್ಟೂ ಲ್ಯೂರ್ ಆಳಕ್ಕಿಳಿಯುತ್ತದೆ. ಈ ಹೊಳೆಗಳ ತಳದ ಜಲ್ಲಿ ಚರ್ಟ್ ಎಂಬ ಗಾಜಿನ ಅಂಚಿನ ಕಲ್ಲು. ಲ್ಯೂರ್‌ಗೆ ತಾಗಿದ ಒಂದಡಿ ದಾರವನ್ನು ಆಗಾಗ ಬೆರಳ ನಡುವೆ ಎಳೆದು ನೋಡಿ, ತರಿತರಿ ಎನಿಸಿದರೆ ಕತ್ತರಿಸಿ ಮತ್ತೆ ಕಟ್ಟಿ. ಒಳ್ಳೆಯ ಮೀನು ದಾರ ಹರಿದುಕೊಂಡು ಹೋಯಿತು ಎಂಬ ಕತೆಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಈ ಸೋಮಾರಿತನ.

ಎಳೆಯುವ ಬಗೆ ಬಾಸ್‌ಗೆ ಬೇರೆ, ಟ್ರೌಟ್‌ಗೆ ಬೇರೆ. ಸ್ಮಾಲ್‌ಮೌತ್‌ಗೆ ಓರೆಯಾಗಿ ಮೇಲ್ಹರಿವಿಗೆ ಎಸೆದು, ರಾಡ್ ತುದಿ ತಗ್ಗಿಸಿ, ಹರಿವಿಗಿಂತ ತುಸು ವೇಗವಾಗಿ ಸುತ್ತಿ. ನಾಲಿಗೆ ತಳದ ಕಲ್ಲಿಗೆ ಟಿಕ್ ಟಿಕ್ ಎಂದು ಬಡಿಯುವುದು ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ನೀವು ಖಾಲಿ ನೀರನ್ನು ಎಳೆಯುತ್ತಿದ್ದೀರಿ. ದೊಡ್ಡ ಕಲ್ಲಿಗೆ ಬಡಿದ ಕ್ಷಣ ಸುತ್ತುವುದನ್ನು ನಿಲ್ಲಿಸಿ. ಲ್ಯೂರ್ ಕಲ್ಲಿನ ನೆತ್ತಿಯ ಮೇಲೆ ಏಳುವಾಗಲೇ ಹೆಚ್ಚಿನ ಹೊಡೆತ ಬೀಳುವುದು. ಆಗ ರಾಡ್ ಜಗ್ಗಬೇಡಿ, ಸುತ್ತುತ್ತಲೇ ಭಾರ ತೆಗೆದುಕೊಳ್ಳಿ. ಟ್ರೌಟ್‌ಗೆ ಅಡ್ಡಲಾಗಿ ಎಸೆದು, ಹರಿವೇ ಲ್ಯೂರನ್ನು ಕಮಾನಿನಂತೆ ಕೆಳಕ್ಕೆ ಒಯ್ಯಲು ಬಿಟ್ಟು, ದಾರ ಬಿಗಿಯಾಗಿರುವಷ್ಟು ಮಾತ್ರ ಸುತ್ತಿ. ರಿಫಲ್ ಮುಗಿದು ತಳ ಒಮ್ಮೆಲೇ ಆಳಕ್ಕಿಳಿಯುವ ಅಂಚನ್ನು ಆ ಕಮಾನು ದಾಟಬೇಕು. ದೊಡ್ಡ ಬ್ರೌನ್ ಟ್ರೌಟ್ ನಸುಕಿನಲ್ಲಿ, ಮೋಡ ಕವಿದಾಗ ಅಲ್ಲಿಗೆ ಬರುತ್ತದೆ. ರೈನ್‌ಬೋ ಕೂಡ ಹೊಡೆಯುತ್ತದೆ, ಆದರೆ ಬರೀ ರೈನ್‌ಬೋ ಬೇಕೆಂದರೆ ಇದಕ್ಕಿಂತ ಫ್ಲೈ ಮೇಲು.

ಲ್ಯೂರ್ ಕಲ್ಲಿಗೆ ಸಿಕ್ಕಿಕೊಂಡರೆ ಎಳೆದಾಡುವುದು ದೊಡ್ಡ ತಪ್ಪು. ದಾರ ಸಡಿಲಿಸಿ ಕಾಯಿರಿ. ತೇಲುವ ಲ್ಯೂರ್ ಆದ್ದರಿಂದ ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಅದನ್ನು ದಾಟಿ ಮೇಲ್ಹರಿವಿಗೆ ಹೋಗಿ ಹಿಮ್ಮುಖವಾಗಿ ಎಳೆಯಿರಿ. ಅದಕ್ಕಾಗಿ ನೀರಿಗಿಳಿಯುವವರು ಬೂಟಿನ ಅಡಿ ನೋಡಿಕೊಳ್ಳಬೇಕು: ಮಿಸೌರಿಯ ಗೊತ್ತುಪಡಿಸಿದ ಟ್ರೌಟ್ ನೀರುಗಳಲ್ಲಿ ಫೆಲ್ಟ್ ಅಡಿಯ ಬೂಟು 2012ರಿಂದ ನಿಷಿದ್ಧ. ಬಲೆ ರಬ್ಬರಿನದ್ದಿರಲಿ. ನೂಲಿನ ಬಲೆಯಲ್ಲಿ ಕೊಕ್ಕೆ, ಮೀನು, ದಾರ ಮೂರೂ ಒಂದಾಗಿಬಿಡುತ್ತವೆ.

ಇದು ಎಲ್ಲ ಕಾಲದ ಲ್ಯೂರ್ ಅಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ವಸಂತದ ಕೊನೆಯಿಂದ ಅಕ್ಟೋಬರ್‌ವರೆಗೆ ಸ್ಮಾಲ್‌ಮೌತ್ ಅಟ್ಟಿಸಿಕೊಂಡು ಬರುತ್ತದೆ. 50ಕ್ಕಿಂತ ಕೆಳಗಿಳಿದರೆ ಮೀನು ಆಳದ ಮಡುವಿನಲ್ಲಿ ಮಂಕಾಗಿ ಕೂರುತ್ತದೆ; ಆಗ ತಳದಲ್ಲಿ ಅಲುಗಾಡದೆ ನಿಲ್ಲಬಲ್ಲ, ತೂಕದ ತಲೆಗೆ ಕೂದಲು ಕಟ್ಟಿದ ಹೇರ್ ಜಿಗ್ ಬೇಕು, ಮೇಲೇಳುವ ಇದಲ್ಲ. ಎಲೆ ಉದುರುವ ವಾರಗಳಲ್ಲಂತೂ ಪ್ರತಿ ಎಸೆತಕ್ಕೂ ಎಲೆಯೇ ಬರುತ್ತದೆ, ಡಬ್ಬಿಯಲ್ಲಿಡಿ. ಬಾಸ್ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಇನ್ನೊಂದು ಲೆಕ್ಕ: ದಕ್ಷಿಣ ಮಿಸೌರಿಯ ಬಹುತೇಕ ಹೊಳೆಗಳಲ್ಲಿ ಅದಕ್ಕೆ ಅವಕಾಶ ಮೇ ತಿಂಗಳ ನಾಲ್ಕನೇ ಶನಿವಾರದಿಂದ ಫೆಬ್ರವರಿ ಕೊನೆಯವರೆಗೆ ಮಾತ್ರ, 12 ಇಂಚು ಕನಿಷ್ಠ. ಕೆಲವು ಹೊಳೆಗಳ ವಿಶೇಷ ವಲಯಗಳಲ್ಲಿ ಸ್ಮಾಲ್‌ಮೌತ್‌ಗೆ 15 ಇಂಚು.

ಬರೀ ಬಾಸ್‌ಗಾಗಿ ಬ್ರಯಂಟ್ ಕ್ರೀಕ್‌ನಂಥ ಬೆಚ್ಚನೆ ನೀರಿಗೆ ಹೋಗುವವರಿಗೆ ನೆಡ್ ರಿಗ್ಗೇ ಅಗ್ಗ, ಅದೇ ಹೆಚ್ಚು ಮೀನು ಕೊಡುತ್ತದೆ. ಅವರು ಇದನ್ನು ಕೊಳ್ಳದಿದ್ದರೂ ನಷ್ಟವಿಲ್ಲ. ನಾರ್ತ್ ಫೋರ್ಕ್‌ಗೆ ಹೋಗುವವರು ಸ್ಟ್ರೀಮ್ ಕ್ರಾಫಿಶ್ ಬಣ್ಣದ ವೀ ಎರಡು, ಟೀನಿ ಎರಡು, ಡಿಚ್ ಬ್ರೌನ್ ವೀ ಒಂದು ತೆಗೆದುಕೊಂಡು, ಕೊಕ್ಕೆಗಳನ್ನು ಮನೆಯಲ್ಲೇ ಬದಲಾಯಿಸಿಕೊಂಡು ಹೊರಡಲಿ. ದೋಣಿಯಲ್ಲಿ ಕೂತು, ಒದ್ದೆ ಕೈಯಲ್ಲಿ ಆ ಚಿಕ್ಕ ರಿಂಗ್ ಬಿಡಿಸುವುದು ಆಗದ ಕೆಲಸ.