ಮೊಣಕೈಗೆ ಪಿಆರ್‌ಪಿ ಸೂಜಿ: ಎರಡು ವರ್ಷದ ಮೇಲೆ ನನ್ನ ಲೆಕ್ಕ

ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ), ಅಂದರೆ ನಮ್ಮದೇ ರಕ್ತದಿಂದ ತಯಾರಿಸಿ ನೋವಿನ ಜಾಗಕ್ಕೆ ಕೊಡುವ ಸೂಜಿ, ಮಾಡಿಸಬೇಕೋ ಬೇಡವೋ ಅಂತ ನಮ್ಮ ಜೀನ್ಸ್ ಘಟಕದಲ್ಲಿ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ. ಬಲ ಮೊಣಕೈಗೆ ನಾನು ಹಾಕಿಸಿಕೊಂಡು ಎರಡು ವರ್ಷ ದಾಟಿತು. ಆಮೇಲೆ ನಮ್ಮವ್ವನ ಮಂಡಿಗೂ ಹಾಕಿಸಿದೆವು. ಕೈಗೆ ಸಿಕ್ಕ ಫಲ ಮಂಡಿಗೆ ಸಿಗಲಿಲ್ಲ.

ನಾನು ಬಳ್ಳಾರಿಯ ಕೌಲ್‌ಬಜಾರ್ ಕಡೆ ಕಟಿಂಗ್ ಮಾಸ್ಟರ್. ಡೆನಿಮ್ ಬಟ್ಟೆ ಪದರದ ಮೇಲೆ ಪದರ ಹಾಸಿ, ಕಟಿಂಗ್ ಮೆಷಿನ್ನಿನ ಹಿಡಿಕೆ ಬಿಗಿಯಾಗಿ ಹಿಡಿದು ದಿನವಿಡೀ ತಳ್ಳುವ ಕೆಲಸ. ಮೊಣಕೈಯ ಹೊರಮಗ್ಗುಲ ಎಲುಬಿನ ಹತ್ತಿರ ನೋವು ಶುರುವಾಗಿ, ಬರಬರುತ್ತಾ ಚಹಾದ ಲೋಟ ಎತ್ತಿದರೂ ಚುಳ್ ಅನ್ನುತ್ತಿತ್ತು. ಡಾಕ್ಟರು ಟೆನಿಸ್ ಎಲ್ಬೋ ಅಂದರು. ಮಣಿಕಟ್ಟು ಮೇಲೆತ್ತುವ ಸ್ನಾಯುವಿನ ನಾರು ಎಲುಬಿಗೆ ಅಂಟುವ ಜಾಗದಲ್ಲಿ ಸವೆದಿತ್ತು. ಮೊದಲು ಕೊಟ್ಟಿದ್ದು ಸ್ಟೀರಾಯ್ಡ್ ಸೂಜಿ. ಬೇಗ ಹಾಯೆನಿಸಿತು, ಹಬ್ಬದ ಆರ್ಡರ್ ಮುಗಿಯುವಷ್ಟರಲ್ಲಿ ನೋವು ವಾಪಸ್ ಬಂತು. ಟೆನಿಸ್ ಎಲ್ಬೋಗೆ ಸ್ಟೀರಾಯ್ಡ್ ಕೊಟ್ಟರೆ ಹೀಗಾಗುವುದು ಹೊಸದೇನಲ್ಲ, ಮೊದಲ ಕೆಲವು ವಾರ ಸುಖ, ಆಮೇಲೆ ಮತ್ತೆ ಮೊದಲಿನಂತೆ.

ಪಿಆರ್‌ಪಿಗೆ ಹೊರಗಿನ ಔಷಧ ಬೇಕಿಲ್ಲ. ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ಟ್ಯೂಬಿಗೆ ತುಂಬಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗರಗರ ತಿರುಗಿಸುತ್ತಾರೆ. ಕೆಂಪು ಕಣ ತಳಕ್ಕೆ ಕೂರುತ್ತವೆ, ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಸಿರಿಂಜಿಗೆ ಎಳೆದು ನೋವಿನ ಜಾಗಕ್ಕೆ ಕೊಡುತ್ತಾರೆ. ಗಾಯವಾದ ಕಡೆ ರಕ್ತ ಕಟ್ಟಿಸುವ ಕಣಗಳೇ ಇವು. ಇವುಗಳಿಂದ ಹೊರಬರುವ ಬೆಳವಣಿಗೆಯ ಅಂಶಗಳು ಹಳೇ ಗಾಯವನ್ನೂ ಮಾಯಿಸಲಿ ಅನ್ನುವುದು ಲೆಕ್ಕಾಚಾರ. ರಕ್ತ ನನ್ನದೇ, ಬಿಲ್ ಮಾತ್ರ ಅವರದು! ಒಂದು ಸೂಜಿಗೆ ಎಂಟು ಸಾವಿರ ಕೊಟ್ಟೆ. ವಿಮೆ ಕಂಪನಿಯವರು ಒಂದು ರೂಪಾಯಿಯೂ ಕೊಡಲಿಲ್ಲ.

ಸೂಜಿಯ ನೋವಿನ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಚರ್ಮಕ್ಕೆ ಮರಗಟ್ಟುವ ಔಷಧ ಕೊಟ್ಟರೂ ನಾರಿನೊಳಗೆ ದ್ರವ ಹೋಗುವಾಗ ಕಣ್ಣಲ್ಲಿ ನೀರು ಬಂತು. ಮುಂದಿನ ಎರಡು ಮೂರು ದಿನ ಮೊದಲಿಗಿಂತ ಜಾಸ್ತಿ ನೋವು, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗಲಿಲ್ಲ. ಆ ಹೊತ್ತಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆ ನುಂಗುವಂತಿಲ್ಲ. ಸೂಜಿ ಎಬ್ಬಿಸಬೇಕಾದ ಉರಿಯೂತವನ್ನೇ ಅವು ಅಡಗಿಸುತ್ತವೆ, ಪ್ಲೇಟ್‌ಲೆಟ್ ಕೆಲಸಕ್ಕೂ ಅಡ್ಡ ಬರುತ್ತವೆ. ಅದಕ್ಕೇ ಸೂಜಿಗೆ ಮುಂಚೆಯೂ ಆಮೇಲೆ ಕೆಲವು ವಾರವೂ ಬೇಡ ಅಂತಾರೆ. ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಪ್ಲೇಟ್‌ಲೆಟ್ ಕಮ್ಮಿ ಇರುವವರು, ಮೈಯಲ್ಲಿ ಸೋಂಕು ಇರುವವರು ಮೊದಲೇ ಡಾಕ್ಟರಿಗೆ ಹೇಳಿಬಿಡಿ.

ಫಲ? ಒಂದೂವರೆ ತಿಂಗಳವರೆಗೆ ಏನೂ ಗೊತ್ತಾಗಲಿಲ್ಲ. ಮೂರು ತಿಂಗಳಿಗೆ ಕತ್ತರಿ ಹಿಡಿದೆ. ವರ್ಷ ತುಂಬುವ ಹೊತ್ತಿಗೆ ಪೂರ್ತಿ ಪಾಳಿ ಮಾಡುತ್ತಿದ್ದೆ. ಈಗಲೂ ಕೈ ಚೆನ್ನಾಗಿದೆ.

ಆದರೆ ಇದರ ಶ್ರೇಯವನ್ನೆಲ್ಲ ಸೂಜಿಗೇ ಕೊಡಲು ನನಗೆ ಮನಸ್ಸಿಲ್ಲ. ಅದೇ ವೇಳೆ ಫಿಸಿಯೋ ಹೇಳಿದ ವ್ಯಾಯಾಮವನ್ನೂ ಬಿಡದೆ ಮಾಡಿದೆ: ನೀರಿನ ಬಾಟಲಿ ಹಿಡಿದು ಮಣಿಕಟ್ಟು ಎತ್ತುವುದು, ನಿಧಾನಕ್ಕೆ ಇಳಿಸುವುದು. ಮೆಷಿನ್ ಹಿಡಿಕೆಗೆ ದಪ್ಪ ರಬ್ಬರ್ ಸುತ್ತಿಸಿದೆ. ಸಾಲದ್ದಕ್ಕೆ ಟೆನಿಸ್ ಎಲ್ಬೋ ಬಹಳ ಮಂದಿಗೆ ವರ್ಷ ಒಂದೂವರೆ ವರ್ಷದಲ್ಲಿ ತಾನಾಗೇ ಇಳಿಯುವ ಕಾಯಿಲೆ. ನೆದರ್‌ಲ್ಯಾಂಡ್ಸಿನಲ್ಲಿ 100 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಸ್ಟೀರಾಯ್ಡ್‌ಗಿಂತ ಪಿಆರ್‌ಪಿ ಮೇಲು ಅಂತ ಬಂದಿತ್ತು. ಹಾಕಿಸಿಕೊಳ್ಳುವಾಗ ನನಗೆ ತೋರಿಸಿದ್ದೂ ಅದನ್ನೇ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2021ರ ಪರಿಶೀಲನೆ, ಸುಳ್ಳು ಸೂಜಿಗೆ, ಅಂದರೆ ಪಿಆರ್‌ಪಿ ಇಲ್ಲದೆ ಹೆಸರಿಗಷ್ಟೇ ಚುಚ್ಚುವುದಕ್ಕೆ, ಹೋಲಿಸಿದರೆ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಅನ್ನುತ್ತದೆ. ಸ್ಟೀರಾಯ್ಡ್ ಎದುರು ಗೆಲ್ಲುವುದೇ ಒಂದು, ಬರೀ ಸೂಜಿ ಚುಚ್ಚಿಸಿಕೊಂಡವರ ಎದುರು ಗೆಲ್ಲುವುದೇ ಇನ್ನೊಂದು. ಕ್ಲಿನಿಕ್ಕಿನ ಗೋಡೆ ಮೇಲಿನ ಪೋಸ್ಟರಿನಲ್ಲಿ ಎರಡನೆಯದು ಇರುವುದಿಲ್ಲ.

ಇನ್ನು ಅವ್ವನ ಮಂಡಿ. ಕೆಳಗೆ ಕೂತು ರೊಟ್ಟಿ ಬಡಿದ ಜೀವ, ಈಗ ಗ್ಯಾಸ್ ಕಟ್ಟೆ ಹತ್ತಿರ ನಿಲ್ಲುವುದೂ ಕಷ್ಟ. ದುರ್ಗಮ್ಮನ ಗುಡಿಗೂ ಆಟೋದಲ್ಲೇ ಹೋಗಬೇಕು. ನನ್ನ ಕೈ ನೋಡಿ ಅವಳೇ, ‘ನಂಗೂ ಅದನ್ನ ಹಾಕಸೋ’ ಅಂದಳು. ಒಂದು ಖಾಸಗಿ ಕ್ಲಿನಿಕ್ಕಿನವರು ಮೂರು ಸೂಜಿಯ ಪ್ಯಾಕೇಜ್ ಅಂದರು, ‘ಕಾರ್ಟಿಲೇಜ್ ಮತ್ತೆ ಬೆಳಿತೈತ್ರಿ’ ಅಂತಲೂ ಸೇರಿಸಿದರು. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪಾದ ಹೊದಿಕೆ. ಎಕ್ಸ್‌ರೇಯಲ್ಲಿ ಸವೆತ ನಾಲ್ಕನೇ ಹಂತ, ಅಂದರೆ ಕೊನೇ ಹಂತ. ಎಲುಬಿಗೆ ಎಲುಬು ತಾಗುತ್ತಿತ್ತು. ಆದರೂ ಹಾಕಿಸಿದೆವು. ಒಂದೆರಡು ತಿಂಗಳು ಸ್ವಲ್ಪ ಹಗುರ ಅಂದಳು, ಆಮೇಲೆ ಯಥಾಪ್ರಕಾರ. ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಂದರಂತೆ ಮೂರು ಪಿಆರ್‌ಪಿ ಸೂಜಿ ಪಡೆದವರಿಗೂ ಉಪ್ಪುನೀರಿನ ಸೂಜಿ ಪಡೆದವರಿಗೂ ವರ್ಷದ ಬಳಿಕ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಕಾರ್ಟಿಲೇಜಿನಲ್ಲೂ ಇಲ್ಲ. ಅವರದ್ದೆಲ್ಲ ನಮ್ಮವ್ವನಷ್ಟು ಸವೆದ ಮಂಡಿಯೂ ಅಲ್ಲ, ಸೌಮ್ಯದಿಂದ ಮಧ್ಯಮ ಹಂತದವು. ಅವ್ವನ ಮಂಡಿ ನೋಡಿದ ಇನ್ನೊಬ್ಬ ಎಲುಬಿನ ಡಾಕ್ಟರು, ‘ಈ ದುಡ್ಡನ್ನ ಆಪರೇಷನ್‌ಗೆ ಇಟ್ಕೊಳ್ರಿ’ ಅಂತ ಒಂದೇ ಮಾತು ಹೇಳಿದರು. ಮೊದಲನೆಯವರ ಬಾಯಲ್ಲಿ ಆ ಮಾತು ಬರಬೇಕಿತ್ತು.

ಸ್ಟಾರ್ ಕೊಡಿ ಅಂದರೆ ಕೈಗೆ ಐದಕ್ಕೆ ಮೂರು, ಅದೂ ವ್ಯಾಯಾಮ ಸೇರಿಸಿ. ಕೊನೇ ಹಂತದ ಮಂಡಿಗೆ ಒಂದೂ ಇಲ್ಲ. ಮಾಡಿಸುವುದೇ ಆದರೆ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುತ್ತಾರಾ, ಎಕ್ಸ್‌ರೇ ಪ್ರಕಾರ ಸವೆತ ಯಾವ ಹಂತದಲ್ಲಿದೆ, ಈ ಎರಡನ್ನೂ ಕೇಳಿ. ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ಒಂದು ಸೂಜಿ ಹಾಕಿಸಿ, ಮೂರು ತಿಂಗಳು ನೋಡಿ, ಬೇಕಿದ್ದರೆ ಎರಡನೆಯದಕ್ಕೆ ದುಡ್ಡು ಎಣಿಸಿ.