ಫಾರ್ಮ್ಯಾಟ್ ಮಾಡದೆ ವೈರಸ್ ತೆಗೆದುಕೊಟ್ಟ ಎಸ್.ಪಿ. ರಸ್ತೆಯ ಅಂಗಡಿ

ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದ ಕೂಡಲೇ "ಫಾರ್ಮ್ಯಾಟ್ ಹೊಡೆದುಬಿಡೋಣ" ಅನ್ನುವವರು ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಸಿಗುತ್ತಾರೆ. "ಒಳಗೆ ಏನೇನಿದೆ ಮೇಡಂ? ಯಾವುದು ಹೋದ್ರೆ ನಿಮ್ಮ ಕೆಲಸ ನಿಲ್ಲುತ್ತೆ?" ಎಂದು ಮೊದಲು ಕೇಳಿದವರು ನನಗೆ ಸಿಕ್ಕಿದ್ದು ಎಸ್.ಪಿ. ರಸ್ತೆಯ ಒಂದು ಪುಟ್ಟ ರಿಪೇರಿ ಅಂಗಡಿಯಲ್ಲಿ. ಆ ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡ ಅಂದರು. ರಿಪೇರಿಗೆ ಕೂರುವವರು ಅವರೊಬ್ಬರೇ, ಜನ ಜಾಸ್ತಿಯಾದರೆ ಕೈಯಲ್ಲಿರುವ ಮೆಷಿನ್ ಮೇಲೆ ಗಮನ ಇರುವುದಿಲ್ಲವಂತೆ. ಆದರೂ ಅವರು ಕೆಲಸ ಹೇಗೆ ಮಾಡಿದರು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಏರಿಯಾದ ರಿಪೇರಿಯವರ ಹತ್ತಿರ ಹೋದಾಗ ಏನು ಕೇಳಬೇಕು ಅನ್ನುವುದಕ್ಕಾದರೂ ಉಪಯೋಗಕ್ಕೆ ಬರಲಿ.

ನಾನು ಹನುಮಂತನಗರದಲ್ಲಿ ಮನೆಯಲ್ಲೇ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಗಣೇಶೋತ್ಸವ ಸಮಿತಿಯ ರಸೀದಿ ಪುಸ್ತಕ. ವಿಷಯ ವಾಟ್ಸಾಪಿನಲ್ಲಿ ಬಂದರೂ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಫೈಲ್ ಹೋಗುವುದು ಇವತ್ತಿಗೂ ಪೆನ್‌ಡ್ರೈವಿನಲ್ಲಿ. ಗಿರಾಕಿಗಳು ಹಳೆಯ ಕಾರ್ಡಿನ ಫೋಟೊ, ದೇವರ ಚಿತ್ರ ತರುವುದೂ ಪೆನ್‌ಡ್ರೈವಿನಲ್ಲೇ. ಒಂದು ಪೆನ್‌ಡ್ರೈವ್ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್ ಎಲ್ಲ ಸುತ್ತಿ ನಮ್ಮ ಮನೆಗೆ ಬಂದಿರುತ್ತದೆ.

ಬಂದ ವೈರಸ್ ಯಾವ ಬಗೆಯದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಎಷ್ಟೋ ಮನೆಗಳಲ್ಲಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಪೆನ್‌ಡ್ರೈವ್ ತೆರೆದರೆ ಒಳಗೆ ನಮ್ಮ ಫೋಲ್ಡರುಗಳು ಕಾಣುವುದಿಲ್ಲ. ಪೆನ್‌ಡ್ರೈವಿನದೇ ಹೆಸರಿರುವ ಒಂದೇ ಒಂದು ಐಕಾನ್ ಇರುತ್ತದೆ, ಅದರ ಎಡಮೂಲೆಯಲ್ಲಿ ಚಿಕ್ಕ ಬಾಣದ ಗುರುತು. ಅದರ ಮೇಲೆ ಎರಡು ಸಲ ಒತ್ತಿದರೆ ಎಲ್ಲ ಫೈಲುಗಳೂ ತೆರೆದುಕೊಳ್ಳುತ್ತವೆ. ಹಾಗಾಗಿ ಅನುಮಾನವೇ ಬರುವುದಿಲ್ಲ. ಅಸಲಿಗೆ ಆ ಬಾಣದ ಐಕಾನ್ ಒಂದು ಶಾರ್ಟ್‌ಕಟ್. ಅದು ಮೊದಲು ವೈರಸ್ಸಿನ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿಗೆ ಆದೇಶ ಕೊಡುವ ಸಣ್ಣ ಫೈಲನ್ನು ಓಡಿಸಿ, ಆಮೇಲೆ ಬಚ್ಚಿಟ್ಟ ಫೋಲ್ಡರನ್ನು ನಮಗೆ ತೋರಿಸುತ್ತದೆ. ಸ್ಕ್ರಿಪ್ಟ್ ಒಂದು ಸಲ ಕಂಪ್ಯೂಟರಿನಲ್ಲಿ ನೆಲೆಯೂರಿತು ಎಂದರೆ, ಆಮೇಲೆ ಚುಚ್ಚಿದ ಪ್ರತಿ ಪೆನ್‌ಡ್ರೈವಿಗೂ ಅದೇ ಗತಿ.

ನಮ್ಮಲ್ಲಿ ಗೊತ್ತಾಗಿದ್ದು ಪ್ರೆಸ್ಸಿನವರಿಂದ. "ಅಕ್ಕಾ, ನಿಮ್ಮ ಡ್ರೈವ್ ಹಾಕಿದ ಮೇಲೆ ನಮ್ಮ ಸಿಸ್ಟಮ್ಮಲ್ಲೂ ಎಲ್ಲ ಶಾರ್ಟ್‌ಕಟ್ ಆಗ್ತಿದೆ" ಎಂದು ಅಲ್ಲಿಯ ಹುಡುಗ ಫೋನ್ ಮಾಡಿದ. ಕಾರ್ಡು ತಡವಾದರೆ ಗಿರಾಕಿ ಬೈದು ಸುಮ್ಮನಾಗುತ್ತಾರೆ. ನಮ್ಮಿಂದ ಇನ್ನೊಬ್ಬರ ಮೆಷಿನ್ ಕೆಟ್ಟಿತು ಎಂದರೆ ಆ ಬಾಗಿಲೇ ಮುಚ್ಚಿದ ಹಾಗೆ. ನಿದ್ದೆ ಬರಲಿಲ್ಲ.

ಮನೆಯ ಹತ್ತಿರದ ಒಂದು ಅಂಗಡಿಯಲ್ಲಿ ಮೊದಲು ವಿಚಾರಿಸಿದೆ. ಮೆಷಿನ್ ಆನ್ ಕೂಡ ಮಾಡದೆ, ಐನೂರು ರೂಪಾಯಿಗೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುತ್ತೇವೆ, ಆಫೀಸು ಫೋಟೊಶಾಪು ಎಲ್ಲ ಫ್ರೀ ಎಂದರು. "ಡಿ ಡ್ರೈವಲ್ಲಿ ಇರೋದು ಹಾಗೇ ಇರುತ್ತೆ" ಎಂಬ ಭರವಸೆ ಬೇರೆ. ಎರಡಕ್ಕೂ ನನ್ನ ತಕರಾರಿದೆ. ಡಿ ಡ್ರೈವನ್ನು ಮುಟ್ಟದೆ ಬಿಟ್ಟರೆ ಅಲ್ಲಿ ಸೋಂಕಿನ ಫೈಲ್ ಇದ್ದರೆ ಅದೂ ಹಾಗೇ ಉಳಿಯುತ್ತದೆ. ಇನ್ನು ಹೀಗೆ ಫ್ರೀ ಕೊಡುವ ಆಫೀಸು, ಫೋಟೊಶಾಪು ಅಂದರೆ ಕ್ರ್ಯಾಕ್ ಮಾಡಿದ್ದು, ಲೈಸೆನ್ಸ್ ಇಲ್ಲದೆ ಓಡುವಂತೆ ಬೀಗ ಒಡೆದದ್ದು. ಆ ಕ್ರ್ಯಾಕುಗಳ ಜೊತೆಯಲ್ಲೇ ಎಷ್ಟೋ ವೈರಸ್ಸುಗಳು ಬರುತ್ತವೆ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಕೂಡ ಮನೆಯ ಕಂಪ್ಯೂಟರುಗಳಿಗೆ ಹೀಗೇ ಬಂದದ್ದುಂಟು. ಒಂದನ್ನು ತೆಗೆಯಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆಯುವುದು ಯಾವ ಸೇವೆ?

ಕೊನೆಗೆ ಸಿಪಿಯು ಅನ್ನು ಆಟೊದಲ್ಲಿಟ್ಟುಕೊಂಡು ಎಸ್.ಪಿ. ರಸ್ತೆಗೇ ಹೋದೆ. ಟೌನ್ ಹಾಲ್ ಕಡೆಯಿಂದ ಹೋದರೆ ಆಟೊ ಒಳಗೆ ನುಗ್ಗುವುದೇ ಕಷ್ಟ. ಎರಡೂ ಕಡೆ ಗಾಡಿ, ನಡುವೆ ತಳ್ಳುಬಂಡಿ, ತಲೆ ಮೇಲೆ ಕೇಬಲ್ ಕಟ್ಟು ಹೊತ್ತ ಹುಡುಗರು. ಅಂಗಡಿ ಇರುವುದು ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ವಯಸ್ಸಾದವರು ಭಾರ ಹೊತ್ತು ಹತ್ತುವ ಜಾಗವಲ್ಲ. ಒಳಗೆ ಒಂದೇ ಸ್ಟೂಲು, ಅದರ ಮೇಲೂ ಯಾರದೋ ಪ್ರಿಂಟರ್.

ಮೆಷಿನ್ ಇಟ್ಟ ಕೂಡಲೇ ಅವರು ಪವರ್ ಕೊಡಲಿಲ್ಲ. ಮೊದಲು ಆ ಪ್ರಶ್ನೆ ಕೇಳಿದರು. ನಾನು ಡಿಟಿಪಿ ಅಂದೆ, ಪುಟ ಜೋಡಿಸಲು ಪೇಜ್‌ಮೇಕರ್, ಚಿತ್ರಕ್ಕೆ ಕೋರೆಲ್, ಕನ್ನಡಕ್ಕೆ ನುಡಿ ಎಂದೆ. "ಹಾಗಾದ್ರೆ ಫಾಂಟ್ಸ್ ಫೋಲ್ಡರ್ ಮೊದಲು ತೆಗೀಬೇಕು" ಅಂದರು. ಈ ಒಂದು ಮಾತಿಗೆ ಇವರ ಮೇಲೆ ನನಗೆ ನಂಬಿಕೆ ಬಂತು.

ಡಿಟಿಪಿ ಮಾಡದವರಿಗೆ ಇದರ ಬೆಲೆ ತಿಳಿಯಲಿಕ್ಕಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಮೆಷಿನ್ನಿನಲ್ಲೂ ಕನ್ನಡವನ್ನು ಕನ್ನಡವಾಗೇ ತೋರಿಸುವ ಈಗಿನ ಅಕ್ಷರ ಸಂಕೇತ ಗೊತ್ತಿಲ್ಲ. ನಮ್ಮ ಹಳೆಯ ಫೈಲುಗಳೆಲ್ಲ ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆ ಫಾಂಟುಗಳಲ್ಲಿವೆ. ನುಡಿ 01 ಇ ಇಲ್ಲದ ಮೆಷಿನ್ನಿನಲ್ಲಿ ಆ ಫೈಲ್ ತೆರೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಡಾಲರ್ ಗುರುತು ಎಲ್ಲ ಕಲಸಿಕೊಂಡು ಕಾಣುತ್ತದೆ. ಈ ಫಾಂಟುಗಳು ಕೂರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ. ಫಾರ್ಮ್ಯಾಟ್ ಮಾಡುವವರು ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಎರಡನ್ನು ನಕಲು ಮಾಡಿ ಸಿ ಡ್ರೈವ್ ಒರೆಸಿಬಿಡುತ್ತಾರೆ. ನುಡಿಯನ್ನು ಮತ್ತೆ ಹಾಕಿಕೊಳ್ಳಬಹುದು, ಸರಿ. ಆದರೆ ವರ್ಷಾನುಗಟ್ಟಲೆ ಕೂಡಿಟ್ಟ ಅಲಂಕಾರಿಕ ಫಾಂಟುಗಳನ್ನು, ಓಂಕಾರ, ಕಳಶ, ಓಲಗದವರ ಚಿತ್ರಗಳಿರುವ ಫಾಂಟುಗಳನ್ನು ಎಲ್ಲಿಂದ ತರುವುದು?

ಅವರು ಹಾರ್ಡ್‌ಡಿಸ್ಕ್ ಬಿಚ್ಚಿ, ವಿಂಡೋಸ್ ಬದಲು ಲಿನಕ್ಸ್ ಇರುವ ತಮ್ಮ ಮೆಷಿನ್ನಿಗೆ ಜೋಡಿಸಿದರು. ವಿಂಡೋಸಿನ ಸ್ಕ್ರಿಪ್ಟ್ ಅಲ್ಲಿ ತಾನಾಗಿ ಓಡುವುದಿಲ್ಲ, ಹಾಗಾಗಿ ನಿಶ್ಚಿಂತೆಯಿಂದ ನಕಲು ತೆಗೆಯಬಹುದು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಫೋಲ್ಡರ್ ತೋರಿಸಿ, ಬೇಕೋ ಬೇಡವೋ ಕೇಳಿ ನನ್ನದೇ ಬೇರೆ ಡಿಸ್ಕಿಗೆ ಹಾಕಿದರು. ಫೋಟೊ ಫೋಲ್ಡರ್ ಬಂದಾಗ ಅದನ್ನು ತೆರೆಯದೆ ಹಾಗೇ ಎಳೆದು ಹಾಕಿದರು. ಹೆಂಗಸರು ಕಂಪ್ಯೂಟರ್ ರಿಪೇರಿಗೆ ಕೊಡಲು ಹಿಂಜರಿಯುವುದೇ ಈ ಕಾರಣಕ್ಕೆ, ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಡಿಸ್ಕನ್ನು ವಾಪಸ್ ಜೋಡಿಸಿ, ಇಂಟರ್ನೆಟ್ ಕೊಡದೆ ನನ್ನ ಮೆಷಿನ್ ಆನ್ ಮಾಡಿದರು. ಆಗ ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಅನ್ನುವುದು ಓಡುತ್ತಿರುವುದನ್ನು ಬೆರಳಿಟ್ಟು ತೋರಿಸಿದರು. ಅದು ವಿಂಡೋಸಿನದೇ ಪ್ರೋಗ್ರಾಂ, ಅದರ ತಪ್ಪೇನಿಲ್ಲ. ಅದನ್ನು ಎಬ್ಬಿಸುತ್ತಿರುವುದು ಯಾರು ಎಂದು ಹುಡುಕಬೇಕು. ಅದಕ್ಕೆ ಅವರು ಬಳಸಿದ್ದು ಆಟೋರನ್ಸ್, ಮೈಕ್ರೋಸಾಫ್ಟ್ ತನ್ನ ಸಿಸ್‌ಇಂಟರ್ನಲ್ಸ್ ಹೆಸರಿನಲ್ಲಿ ಪುಕ್ಕಟೆ ಕೊಡುವ ಸಣ್ಣ ಪ್ರೋಗ್ರಾಂ. ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಎಲ್ಲವನ್ನೂ ಅದು ಒಂದೇ ಕಡೆ ಪಟ್ಟಿ ಮಾಡುತ್ತದೆ. ಮೈಕ್ರೋಸಾಫ್ಟಿನ ಸಾಲುಗಳನ್ನು ಮರೆಮಾಡಿದ ಮೇಲೆ ಉಳಿದದ್ದು ಸ್ವಲ್ಪವೇ. ಪ್ರಿಂಟರಿನದು, ಸ್ಕ್ಯಾನರಿನದು, ಅರ್ಥವಿಲ್ಲದ ಅಕ್ಷರಗಳ ಹೆಸರಿರುವ ಒಂದು ಸ್ಕ್ರಿಪ್ಟ್. ಅದೇ ಸ್ಕ್ರಿಪ್ಟ್, ಹೇಳಿದ ಹೊತ್ತಿಗೆ ಪ್ರೋಗ್ರಾಂ ಎಬ್ಬಿಸುವ ಟಾಸ್ಕ್ ಶೆಡ್ಯೂಲರಿನಲ್ಲೂ ಇತ್ತು. "ಇಲ್ಲಿ ತೆಗೆದ್ರೆ ಅಲ್ಲಿಂದ ಬರುತ್ತೆ, ಅಲ್ಲಿ ತೆಗೆದ್ರೆ ಇಲ್ಲಿಂದ. ಮೊದ್ಲು ಓಡ್ತಿರೋದನ್ನ ನಿಲ್ಲಿಸ್ಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ತೆಗೀಬೇಕು." ಬಹಳ ಜನ ಸ್ಕ್ಯಾನ್ ಮಾಡಿದ ಮೇಲೂ ವೈರಸ್ ವಾಪಸ್ ಬಂತು ಎಂದು ಗೋಳಾಡುವುದು ಇದಕ್ಕೇ ಇರಬೇಕು.

ಕೈಯಿಂದ ತೆಗೆದ ಮೇಲೆ ವಿಂಡೋಸಿನದೇ ಆ್ಯಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದರು. ಇದು ವಿಂಡೋಸ್ 10ರಲ್ಲೂ 11ರಲ್ಲೂ ಮೊದಲಿಂದಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಮೆಷಿನ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವುದಕ್ಕೆ ಮೊದಲೇ ತಪಾಸಣೆ ನಡೆಯುತ್ತದೆ, ಹಾಗಾಗಿ ವೈರಸ್ಸಿಗೆ ಅಡಗಲು ಅವಕಾಶ ಕಡಿಮೆ. ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಇತ್ತು. ಅವಧಿ ಮುಗಿದ ಒಂದು ಆ್ಯಂಟಿವೈರಸ್ ನನ್ನ ಮೆಷಿನ್ನಿನಲ್ಲಿ ಕೂತಿತ್ತು. ಬೇರೆ ಆ್ಯಂಟಿವೈರಸ್ ಇದ್ದರೆ ಡಿಫೆಂಡರ್ ತಾನು ಹಿಂದೆ ಸರಿಯುತ್ತದೆ. ನನ್ನ ಮೆಷಿನ್ನಿನಲ್ಲಿ ಹಳೆಯದೂ ಕಾಯುತ್ತಿರಲಿಲ್ಲ, ಡಿಫೆಂಡರೂ ಕಾಯುತ್ತಿರಲಿಲ್ಲ. ಹಳೆಯದನ್ನು ಕಿತ್ತರು, ಡಿಫೆಂಡರ್ ಎದ್ದಿತು. ಕೊನೆಗೆ ವೈರಸ್ ಹುಡುಕುವ ಇನ್ನೊಂದು ಪ್ರೋಗ್ರಾಂ ಮಾಲ್‌ವೇರ್‌ಬೈಟ್ಸಿನ ಉಚಿತ ಆವೃತ್ತಿಯಿಂದ ಇನ್ನೊಂದು ತಪಾಸಣೆ.

ಪೆನ್‌ಡ್ರೈವಿನ ಭಾಗ ನನಗೆ ಬಹಳ ಇಷ್ಟವಾಯಿತು. ಕಪ್ಪು ಕಮಾಂಡ್ ಕಿಟಕಿ ತೆರೆದು ಆಟ್ರಿಬ್ ಎಂದು ಬರೆದು, ಮುಂದೆ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಹಾಕಿ, ಡ್ರೈವಿನ ಅಕ್ಷರ ಕೊಟ್ಟು, ಫೋಲ್ಡರುಗಳೂ ಸೇರಲೆಂದು ಕೊನೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಸೇರಿಸಿ ಎಂಟರ್ ಒತ್ತಿದರು. ಬಚ್ಚಿಟ್ಟ ಗುರುತು, ಸಿಸ್ಟಮ್ ಫೈಲ್ ಅನ್ನುವ ಗುರುತು ಎರಡೂ ಕಳಚಿದವು. ಹೆಸರೇ ಇಲ್ಲದ ಒಂದು ಫೋಲ್ಡರ್ ಪರದೆ ಮೇಲೆ ಬಂತು. ವೈರಸ್ ಅದಕ್ಕೆ ಬರಿ ಖಾಲಿ ಜಾಗವನ್ನೇ ಹೆಸರಾಗಿ ಇಟ್ಟಿತ್ತು. ಒಳಗೆ ನನ್ನ ಲಗ್ನಪತ್ರಿಕೆ, ನಾಮಕರಣ, ಉಪನಯನ ಎಲ್ಲ ಫೋಲ್ಡರೂ ಇಟ್ಟ ಹಾಗೇ ಇದ್ದವು. ಒಂದು ಫೈಲೂ ಹೋಗಿರಲಿಲ್ಲ. ಇದೇ ಡ್ರೈವನ್ನು "ಡೇಟಾ ರಿಕವರಿ ಮಾಡಬೇಕು" ಎಂದು ಸಾವಿರಗಟ್ಟಲೆ ಕೇಳುವವರಿದ್ದಾರೆ. ದಯವಿಟ್ಟು ಮೊದಲು ಈ ಕಮಾಂಡ್ ಹಾಕಿಸಿ ನೋಡಿ.

ಅವರು ಫ್ಲಾಪಿ ಕಾಲದಿಂದ ಈ ಕೆಲಸದಲ್ಲಿರುವವರು. 1986ರಲ್ಲಿ ಲಾಹೋರಿನಿಂದ ಹೊರಟ ಬ್ರೇನ್ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿದ್ದ ಕಥೆ ಹೇಳಿದರು. ದಾರಿ ಅದೇ, ಸಾಧನ ಬದಲಾಗಿದೆ ಅಷ್ಟೆ ಎಂದರು.

ಬಿಲ್ಲು ಒಂಬೈನೂರು ರೂಪಾಯಿ. ಕೈಬರಹದ ಚೀಟಿ, ಯುಪಿಐ ತೆಗೆದುಕೊಳ್ಳುತ್ತಾರೆ. ಫಾರ್ಮ್ಯಾಟಿಗಿಂತ ಹೆಚ್ಚು, ನಿಜ. ಆದರೆ ಫಾರ್ಮ್ಯಾಟ್ ಆದ ಮೇಲೆ ಪ್ರಿಂಟರ್, ಸ್ಕ್ಯಾನರ್, ಫಾಂಟು, ಕೋರೆಲ್ಲಿನ ಸೆಟ್ಟಿಂಗು ಎಲ್ಲ ಮತ್ತೆ ಕೂರಿಸುವ ಹೊತ್ತಿಗೆ ನನ್ನ ಒಂದು ವಾರದ ದುಡಿಮೆ ಹೋಗುತ್ತಿತ್ತು. ಮದುವೆ ಸೀಸನ್ನಿನಲ್ಲಿ ಅದು ಸಣ್ಣ ಮೊತ್ತವಲ್ಲ. ಫಾರ್ಮ್ಯಾಟೇ ಬೇಡ ಎಂದು ಅವರೂ ಹೇಳುವುದಿಲ್ಲ. ವಿಂಡೋಸಿನ ಬೇರಿಗೇ ಇಳಿದ ಸೋಂಕಾದರೆ, ಅಥವಾ ಹೊರಗಿನವರ ಕೈಗೆ ಮೆಷಿನ್ನಿನ ಹಿಡಿತ ಸಿಕ್ಕಿದ್ದರೆ, ನಕಲು ತೆಗೆದು ಪೂರ್ತಿ ಒರೆಸಿ ಹಾಕುವುದೇ ಸರಿ ಎಂದರು. ನೋಡಿ ನಿರ್ಧರಿಸುತ್ತಾರೆ, ನಾನು ಮೆಚ್ಚಿದ್ದು ಅದನ್ನು.

ದೂರುಗಳೂ ಇವೆ. ಫೋನ್ ಎತ್ತುವುದಿಲ್ಲ. ಸಂಜೆ ಕೊಡುತ್ತೇನೆ ಎಂದದ್ದು ಮರುದಿನ ಸಂಜೆ ಆಯಿತು, ತಿಳಿಸಲೂ ಇಲ್ಲ. ಮನೆಗೆ ಬಂದು ಮಾಡಿಕೊಡುವುದಿಲ್ಲ. ಹಿರಿಯರೇ ಇರುವ ಮನೆಗೆ ಇದು ದೊಡ್ಡ ತೊಡಕು, ಜಯನಗರ, ಬಸವನಗುಡಿ ಕಡೆ ಅಂಥ ಮನೆಗಳು ಎಷ್ಟಿವೆ! ಈ ಕುಶಲತೆ ಇರುವವರು ವಾರಕ್ಕೊಂದು ದಿನವಾದರೂ ಮನೆಗೆ ಹೋಗಿ ಮಾಡಿಕೊಟ್ಟರೆ ಕೈಮುಗಿದು ಕರೆಯುತ್ತಾರೆ.

ಹೊರಡುವಾಗ ಹೇಳಿದ ಎರಡು ವಿಷಯ ಎಲ್ಲರಿಗೂ ಬೇಕಾದದ್ದು. ಒಂದು, ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ, ಅದೂ ಮೊಬೈಲಿನಿಂದ. ಇಂಥ ಸ್ಕ್ರಿಪ್ಟುಗಳು ಮಾಹಿತಿ ಕದಿಯುವ ಬೇರೆ ವೈರಸ್ಸುಗಳನ್ನೂ ಇಳಿಸಿಕೊಳ್ಳಬಲ್ಲವು. ಖಾತೆಯಿಂದ ದುಡ್ಡು ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎರಡು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಹಳೆಯ ಪ್ರೊಸೆಸರಿಗೆ ವಿಂಡೋಸ್ 11 ಹತ್ತುವುದಿಲ್ಲ. ಹಾಗಾಗಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟಿನ ಯೋಜನೆಗೆ ನನ್ನ ಖಾತೆಯಿಂದಲೇ ಸೇರಿಸಿಕೊಟ್ಟರು. ಹೊಸ ಮೆಷಿನ್ ಈಗಲೇ ತಗೊಳ್ಳಿ ಎಂದು ಒತ್ತಾಯ ಮಾಡಲಿಲ್ಲ, ಪಕ್ಕದಲ್ಲೇ ಮಾರುವ ಅಂಗಡಿಗಳಿದ್ದರೂ.

ಆಮೇಲೆ ಬಂದ ಒಬ್ಬ ಗಿರಾಕಿಯ ಪೆನ್‌ಡ್ರೈವಿನಲ್ಲಿ ಅದೇ ಬಾಣದ ಐಕಾನ್ ಇತ್ತು. ನಾನು ಮುಟ್ಟಲಿಲ್ಲ, ಡಿಫೆಂಡರಿನಿಂದ ಸ್ಕ್ಯಾನ್ ಮಾಡಿದೆ, ಹಿಡಿಯಿತು. ಪ್ರೆಸ್ಸಿನವರೂ ತಮ್ಮ ಎರಡು ಮೆಷಿನ್ನುಗಳನ್ನು ಇವರ ಹತ್ತಿರವೇ ತಂದು ಸರಿಮಾಡಿಸಿಕೊಂಡರು.

ಎಸ್.ಪಿ. ರಸ್ತೆಗೆ ವೈರಸ್ ತೆಗೆಸಲು ಹೋಗುವವರು ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಬೇಡಿ, ಸಿಪಿಯು ಒಂದೇ ಸಾಕು. ನಕಲಿಗೆ ನಿಮ್ಮದೇ ಒಂದು ಖಾಲಿ ಡಿಸ್ಕ್ ಇರಲಿ. ಮನೆಯಲ್ಲಿರುವ ಪೆನ್‌ಡ್ರೈವ್, ಮೆಮೊರಿ ಕಾರ್ಡು, ಮಕ್ಕಳ ಬ್ಯಾಗಿನಲ್ಲಿರುವುದೂ ಸೇರಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಒಂದು ಮನೆಯಲ್ಲೇ ಉಳಿದರೂ ವೈರಸ್ ಅದರಿಂದಲೇ ವಾಪಸ್ ಬರುತ್ತದೆ.