ತಂದೆ ತಾಯಿಯ ಜೊತೆ ನಗರ ನೋಡಲು ಹಾಪ್ ಆನ್ ಹಾಪ್ ಆಫ್ ಬಸ್

ರಜೆಯಲ್ಲಿ ತಂದೆ ತಾಯಿಯನ್ನು ಹೊಸ ನಗರವೊಂದಕ್ಕೆ ಕರೆದುಕೊಂಡು ಹೋದಾಗ, ದಿನವಿಡೀ ಟ್ಯಾಕ್ಸಿ ಗೊತ್ತುಮಾಡಿಕೊಳ್ಳುವ ಬದಲು ಪ್ರವಾಸಿಗರಿಗಾಗಿ ಓಡುವ ಹಾಪ್ ಆನ್ ಹಾಪ್ ಆಫ್ ಬಸ್ಸನ್ನು ಆರಿಸಿಕೊಂಡೆವು. ಒಮ್ಮೆ ಟಿಕೆಟ್ ಕೊಂಡರೆ, ಮುಖ್ಯ ಸ್ಥಳಗಳನ್ನು ಸುತ್ತುವ ಈ ಬಸ್ಸಿನಿಂದ ಬೇಕಾದ ಕಡೆ ಇಳಿದು, ನೋಡಿಯಾದ ಮೇಲೆ ಹಿಂದಿನಿಂದ ಬರುವ ಇನ್ನೊಂದು ಬಸ್ಸನ್ನು ಹತ್ತಬಹುದು. ತಂದೆಗೆ ಎಪ್ಪತ್ತು ದಾಟಿದೆ, ತಾಯಿಗೆ ಮಂಡಿನೋವು. ಇಂಥವರಿಗೆ ಈ ಸೇವೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬ ದೃಷ್ಟಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಿಲ್ದಾಣದಲ್ಲೇ ಹತ್ತಿ, ಎಲ್ಲಿಯೂ ಇಳಿಯದೆ ಒಂದು ಸುತ್ತು ಪೂರ್ತಿ ಮುಗಿಸಿದ್ದು ಆ ದಿನ ನಾವು ಮಾಡಿದ ಅತ್ಯುತ್ತಮ ಕೆಲಸ. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ನನ್ನ ತಾಯಿ ಯಾವಾಗಲೂ ಹೇಳುವುದು ಒಂದೇ ಮಾತು: "ನಿನಗೆ ಎಲ್ಲಿ ಅನ್ನಿಸುತ್ತೋ ಅಲ್ಲಿಗೆ." ಆದರೆ ಕಿಟಕಿಯ ಪಕ್ಕ ಕುಳಿತು ಎಲ್ಲವನ್ನೂ ಒಮ್ಮೆ ಕಣ್ಣಾರೆ ಕಂಡ ಮೇಲೆ, ಕೆರೆಯ ದಡದ ತೋಟವೊಂದನ್ನು ತೋರಿಸಿ, "ಆ ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂತು ಬರೋಣ" ಎಂದು ಅವರೇ ಹೇಳಿದರು. ನಾನು ಬಹಳ ಓದಿಕೊಂಡು ಬಂದಿದ್ದ ವಸ್ತುಸಂಗ್ರಹಾಲಯವನ್ನು ಬಿಡಬೇಕಾಯಿತು. ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ತಂದೆಯಂತೂ ಆಡಿಯೊ ಗೈಡಿನ ಇಯರ್‌ಫೋನನ್ನು ಬೆರಳಿನಿಂದ ಒತ್ತಿ ಹಿಡಿದು, ಪ್ರತಿಯೊಂದು ಕಟ್ಟಡದ ಕಥೆಯನ್ನೂ ತಾಯಿಯ ಕಿವಿಯ ಬಳಿ ಬಾಗಿ ಇನ್ನೊಮ್ಮೆ ಹೇಳುತ್ತಿದ್ದರು. ತಾಯಿ ತಮ್ಮ ಇಯರ್‌ಫೋನನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಬಸ್ಸಿನ ನೆಲ ತಗ್ಗಾಗಿದ್ದು, ನಿಲ್ದಾಣ ಬಂದಾಗ ಗಾಳಿ ಬಿಟ್ಟ ಸದ್ದಿನೊಂದಿಗೆ ಇಡೀ ಬಸ್ಸು ಕಾಲುದಾರಿಯ ಕಡೆಗೆ ವಾಲುತ್ತದೆ. ಆದ್ದರಿಂದ ಹತ್ತುವುದೂ ಇಳಿಯುವುದೂ ತಾಯಿಗೆ ಕಷ್ಟವಾಗಲಿಲ್ಲ. ತೆರೆದ ಮೇಲಂತಸ್ತಿನ ಮಾತೇ ಬೇರೆ. ಮೆಟ್ಟಿಲು ಕಿರಿದಾಗಿದೆ, ತಿರುವಿದೆ, ಬಸ್ಸು ಚಲಿಸುತ್ತಿರುವಾಗ ಅಲ್ಲಿ ಕಾಲಿಡುವುದು ಸುರಕ್ಷಿತವಲ್ಲ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಯ ಮೇಲೆ ಹೆಚ್ಚು ಭಾರ ಬೀಳುತ್ತದೆ. ಅದು ದೇಹದ ತೂಕದ 3 ಪಟ್ಟನ್ನೂ ಮೀರುತ್ತದೆ. ಉತ್ಸಾಹದಿಂದ ಮೇಲೇರಿದ ಹಿರಿಯರು ಇಳಿಯುವ ಹೊತ್ತಿಗೆ ಪರದಾಡುವುದು ಈ ಕಾರಣದಿಂದಲೇ. ನಾವು ಕೆಳಗೇ ಕುಳಿತೆವು.

ನನ್ನ ದೂರು ಇರುವುದು ನಿಲ್ದಾಣಗಳ ಬಗ್ಗೆ. ಹೆಚ್ಚಿನ ಕಡೆ ಒಂದು ಕಂಬ ಮತ್ತು ಫಲಕ ಬಿಟ್ಟರೆ ಕೂರಲು ಬೆಂಚಾಗಲಿ ನೆರಳಾಗಲಿ ಇರಲಿಲ್ಲ. ತೋಟದ ಬಳಿ ಬಂದ ಮೊದಲ ಬಸ್ಸು ತುಂಬಿದ್ದರಿಂದ ನಲವತ್ತು ನಿಮಿಷ ನಿಂತೇ ಕಾಯಬೇಕಾಯಿತು. ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲದ ಕಾರಣ ನಡುವಿನ ನಿಲ್ದಾಣಗಳಲ್ಲಿ ಹತ್ತುವವರಿಗೆ ಮಧ್ಯಾಹ್ನದ ಮೇಲೆ ಇದು ತಪ್ಪಿದ್ದಲ್ಲ. ಸುತ್ತು ಒಂದೇ ದಿಕ್ಕಿನಲ್ಲಿ ಸಾಗುವುದರಿಂದ, ಒಂದು ನಿಲ್ದಾಣ ಹಿಂದಕ್ಕೆ ಹೋಗಬೇಕೆಂದರೂ ಊರೆಲ್ಲ ಸುತ್ತಿ ಬರಬೇಕು. ಇನ್ನೊಂದು ನಿಲ್ದಾಣವಂತೂ ಅಗಲವಾದ ರಸ್ತೆಯ ಆಚೆ ಬದಿಯಲ್ಲಿತ್ತು. ಪಾದಚಾರಿಗಳ ಸಿಗ್ನಲ್ಲಿನ ಸಮಯವನ್ನು ಅನೇಕ ಕಡೆ ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ 12 ಮೀಟರ್ ರಸ್ತೆ ದಾಟಲು 10ರ ಬದಲು 15 ಸೆಕೆಂಡು ಬೇಕು. ದೀಪ ಕೆಂಪಾದಾಗ ತಾಯಿ ರಸ್ತೆಯ ನಡುವೆಯೇ ಇದ್ದರು, ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು. ಆ ಗಳಿಗೆಯನ್ನು ನಾನು ಮರೆಯಲಾರೆ.

ಟಿಕೆಟ್ ಕೊಳ್ಳುವಾಗ ಅದು ಆ ದಿನಕ್ಕೆ ಮಾತ್ರವೇ ಅಥವಾ ಮೊದಲ ಸಲ ಹತ್ತಿದಾಗಿನಿಂದ 24 ಗಂಟೆಯವರೆಗೆ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಕೊನೆಯ ಬಸ್ಸಿನ ಸಮಯವನ್ನೂ, ಶೌಚಾಲಯ ಯಾವ ನಿಲ್ದಾಣದ ಹತ್ತಿರವಿದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ನಮ್ಮದು 24 ಗಂಟೆಯ ಟಿಕೆಟ್. ಹಿಂದಿನ ದಿನ 11 ಗಂಟೆಗೆ ಹತ್ತಿದ್ದರಿಂದ ಮರುದಿನ ಬೆಳಿಗ್ಗೆ ಇನ್ನೂ ಸಮಯವಿತ್ತು. 9 ಗಂಟೆಗೆ ತಂದೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಖಾಲಿ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ ಕುಳಿತು, ಇನ್ನೊಂದು ಸುತ್ತು ಹೋಗಿಬಂದೆವು.